ಟಪ್ಪಾಂಗುಚ್ಚಿ ಹಾಡನ್ನು ಸನ್ಯಾಸಿಗಳ ಧಾಟಿಗೆ ತರುವುದು ಹೇಗೆ

ಧಾರವಾಡದಲ್ಲಿ ನಮ್ಮದು ಆರು ಜನರ ಗುಂಪು. ಒಬ್ಬ ತಬಲಾ ಬಾರಿಸುತ್ತಾನೆ. ಇಬ್ಬರು ಭಜನಾ ಮೇಳದಲ್ಲಿ ಬೆಳೆದವರು. ಒಬ್ಬಾಕೆ ಹಿಂದೂಸ್ತಾನಿ ಕಲಿಯುತ್ತಿದ್ದಾಳೆ. ಇನ್ನೊಬ್ಬ ಬಚ್ಚಲುಮನೆಯ ಗಾಯಕ. ಉಳಿದವನು ನಾನು. ಭಾನುವಾರ ಸಂಜೆ ಸೇರಿ ನಾವು ಮಾಡುವ ಕೆಲಸ ಕೇಳಿದರೆ ನಗು ಬರಬಹುದು. ಎಫ್‌ಎಂನಲ್ಲಿ ಬರುವ ಹೊಸ ಸಿನಿಮಾ ಹಾಡನ್ನು ಸಾವಿರ ವರ್ಷದ ಹಿಂದೆ ಯುರೋಪಿನ ಸನ್ಯಾಸಿಗಳು ಹಾಡುತ್ತಿದ್ದ ಹಾಗೆ ಹಾಡುತ್ತೇವೆ.

ಆ ಧಾಟಿಯ ಹೆಸರು ಗ್ರೆಗೋರಿಯನ್ ಚಾಂಟ್. 590ರಿಂದ 604ರವರೆಗೆ ಪೋಪ್ ಆಗಿದ್ದ ಒಂದನೇ ಗ್ರೆಗರಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಆದರೆ ಈಗ ನಾವು ಕೇಳುವ ರೂಪ ಬಂದದ್ದು ಅವನಾದ ಮೇಲೆ, 8 ಮತ್ತು 9ನೇ ಶತಮಾನದಲ್ಲಿ, ಫ್ರಾಂಕ್ ರಾಜರ ಸೀಮೆಯಲ್ಲಿ, ಅಂದರೆ ಈಗಿನ ಫ್ರಾನ್ಸ್, ಜರ್ಮನಿ ಕಡೆ. ಲ್ಯಾಟಿನ್ ಮಾತು, ಎಲ್ಲರಿಗೂ ಒಂದೇ ಧಾಟಿ, ವಾದ್ಯ ಇಲ್ಲ, ತಾಳ ಇಲ್ಲ. ಇಷ್ಟೇ ಸಾಮಾನು. 1994ರಲ್ಲಿ ಸ್ಪೇನಿನ ಸಾಂತೊ ದೊಮಿಂಗೊ ದೆ ಸಿಲೋಸ್ ಮಠದ ಸನ್ಯಾಸಿಗಳ ಧ್ವನಿಮುದ್ರಿಕೆ ಪಾಪ್ ಗಾಯಕರ ಜೊತೆ ಪೈಪೋಟಿಗೆ ಬಿದ್ದು ಲಕ್ಷಗಟ್ಟಲೆ ಮಾರಾಟವಾಯಿತು.

ತಾಳ ತೆಗೆದು ಎಕೋ ಹಾಕಿದರೆ ಮುಗೀತು ಅಂತ ನಾವೂ ಅಂದುಕೊಂಡಿದ್ದೆವು. ಮೊದಲ ಸಲ ಹಾಗೇ ಮಾಡಿದೆವು. ಬಾವಿಗೆ ಬಿದ್ದವರು ಸಿನಿಮಾ ಹಾಡು ಹೇಳಿದ ಹಾಗಿತ್ತು. ತಪ್ಪು ಎಲ್ಲಿದೆ ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಸಿನಿಮಾ ಹಾಡಿನಲ್ಲಿ ಮಾತು ತಾಳದ ಹಿಂದೆ ಓಡುತ್ತದೆ. ಚಾಂಟ್‌ನಲ್ಲಿ ತಾಳ ಇರುವುದೇ ಇಲ್ಲ, ಮಾತೇ ಯಜಮಾನ. ಅದಕ್ಕೇ ಈ ಕೆಲಸದಲ್ಲಿ ಮುಕ್ಕಾಲು ಪಾಲು ಓದುವುದು, ಕಾಲು ಪಾಲು ಹಾಡುವುದು.

ಈ ಮಾತು ನಮ್ಮ ಸೀಮೆಯವರಿಗೆ ಹೊಸದಲ್ಲ. ಗದಗಿನ ವೀರನಾರಾಯಣ ಗುಡಿಯಲ್ಲಿ ಕುಳಿತು ಕುಮಾರವ್ಯಾಸ ಭಾರತ ಬರೆದ ಅಂತ ಪ್ರತೀತಿ ಇದೆ. ಆ ಭಾರತವನ್ನು ಗಮಕಿಗಳು ಓದುವುದನ್ನು ಕೇಳಿದ್ದೀರಲ್ವಾ? ರಾಗ ಇರುತ್ತದೆ, ತಾಳ ಇರುವುದಿಲ್ಲ. ಅರ್ಥ ನಿಂತ ಕಡೆ ದನಿ ನಿಲ್ಲುತ್ತದೆ. ಚಾಂಟ್ ಅರ್ಥವಾಗಬೇಕಾದರೆ ಯೂಟ್ಯೂಬಿಗಿಂತ ಮೊದಲು ಒಂದು ಗಮಕ ಕಾರ್ಯಕ್ರಮಕ್ಕೆ ಹೋಗಿ ಬನ್ನಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಬಾಸೆಲ್ ಮಿಶನ್ನಿನವರು 1837ರಲ್ಲೇ ಧಾರವಾಡಕ್ಕೆ ಬಂದಿದ್ದರು. ಹಾಗಾಗಿ ಚರ್ಚಿನ ಹಾಡು ಅಂದಕೂಡಲೇ ನಮಗೆ ನೆನಪಾಗುವುದು ನಾಲ್ಕು ದನಿಗಳಲ್ಲಿ ಹೊಂದಿಸಿ, ಆರ್ಗನ್ ಜೊತೆ ಹಾಡುವ ಪ್ರಾಟೆಸ್ಟಂಟ್ ಕೀರ್ತನೆ. ಚಾಂಟ್ ಅದಲ್ಲ. 2020ರ ಲಾಕ್‌ಡೌನಿನಲ್ಲಿ ಬಾರ್ಡ್‌ಕೋರ್ ಅಂತ ಓಡಾಡಿದ, ಕೊಳಲು ಹಾರ್ಪು ಹಾಕಿದ ಪಾಪ್ ಹಾಡುಗಳೂ ಅಲ್ಲ. ಅವುಗಳಲ್ಲಿ ತಾಳ ಗಟ್ಟಿಯಾಗೇ ಇರುತ್ತದೆ.

ಹಾಡು ಆರಿಸುವುದು

ಎಲ್ಲರೂ ಮೊದಲು ವಿರಹದ ಹಾಡಿಗೇ ಕೈ ಹಾಕುತ್ತಾರೆ. ಬೇಡ. ಮೊದಲೇ ಅಳುಮುಖದ ಹಾಡನ್ನು ಇನ್ನಷ್ಟು ನಿಧಾನ ಮಾಡಿದರೆ ಕೇಳುವವರು ಎದ್ದು ಹೋಗುತ್ತಾರೆ. ನನ್ನ ಮಟ್ಟಿಗೆ ಒಳ್ಳೆಯ ಸರಕು ಟಪ್ಪಾಂಗುಚ್ಚಿ ಹಾಡು, ಅದರಲ್ಲೂ ಮಾತು ತುಂಬಾ ಇರುವಂಥದ್ದು. ಕುಣಿಯುವ ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳದ ಸಾಲು ಚಾಂಟ್‌ನಲ್ಲಿ ಒಂದೊಂದೇ ಅಕ್ಷರವಾಗಿ ಹೊರಗೆ ಬರುತ್ತದೆ. ಕೆಲವು ಸಲ ನಗು ಬರುತ್ತದೆ. ಕೆಲವು ಸಲ ಕವಿ ಇಷ್ಟು ಚೆನ್ನಾಗಿ ಬರೆದಿದ್ದನಾ ಅಂತ ಆಶ್ಚರ್ಯವಾಗುತ್ತದೆ.

ಪರೀಕ್ಷೆ ಒಂದೇ. ಪಲ್ಲವಿಯನ್ನು ತಬಲಾ, ಡ್ರಮ್ಸು ಇಲ್ಲದೆ ಸುಮ್ನೆ ಗುನುಗಿ. ಗುರುತು ಸಿಕ್ಕರೆ ಹಾಡು ಆಗುತ್ತದೆ. ಗುರುತೆಲ್ಲ ಗಿಟಾರಿನ ತುಣುಕಿನಲ್ಲೋ ಬೀಟಿನಲ್ಲೋ ಇದ್ದರೆ ಆ ಹಾಡು ಬಿಟ್ಟುಬಿಡಿ. ಧಾಟಿ ಹರಡಿಕೊಂಡಿರುವ ಅಳತೆಯನ್ನೂ ನೋಡಿ. ಚಾಂಟ್ ಸಾಮಾನ್ಯವಾಗಿ ಒಂದು ಸಪ್ತಕದ (ಸ ಇಂದ ಮೇಲಿನ ಸ ವರೆಗಿನ ಅಳತೆ) ಆಚೀಚೆ ಮುಗಿಯುತ್ತದೆ. ಎರಡು ಸಪ್ತಕ ಜಿಗಿಯುವ ಹಾಡಾದರೆ ಮೇಲಿನ ಭಾಗವನ್ನು ಕೆಳಗೆ ಇಳಿಸಿಕೊಳ್ಳಿ.

ಥಾಟು ಹಿಡಿಯುವುದು

ಧಾರವಾಡದವರಿಗೆ ಇಲ್ಲಿ ಒಂದು ಲಾಭ ಇದೆ. ಮಧ್ಯಯುಗದವರ ಸ್ವರಶ್ರೇಣಿಗಳನ್ನು ಪಾಶ್ಚಾತ್ಯ ಸಂಗೀತದ ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಕಲಿಯುತ್ತಾರೆ. ನಮಗೆ ಅವು ಆಗಲೇ ಗೊತ್ತಿವೆ, ಬೇರೆ ಹೆಸರಿನಲ್ಲಿ. ಥಾಟು ಅಂದರೆ ಹಿಂದೂಸ್ತಾನಿಯಲ್ಲಿ ಏಳು ಸ್ವರಗಳ ಒಂದು ಗುಂಪು. ಡೋರಿಯನ್ ಅಂದರೆ ಕಾಫಿ ಥಾಟಿನ ಸ್ವರಗಳು. ಫ್ರಿಜಿಯನ್ ಅಂದರೆ ಭೈರವಿ. ಲಿಡಿಯನ್ ಅಂದರೆ ಕಲ್ಯಾಣ. ಮಿಕ್ಸೊಲಿಡಿಯನ್ ಅಂದರೆ ಖಮಾಜ್. ಈ ನಾಲ್ಕಕ್ಕೂ ಮೇಲಿನದು (ಧಾಟಿ ಮುಗಿಯುವ ಸ್ವರದಿಂದ ಮೇಲಕ್ಕೆ ಹರಡುತ್ತದೆ), ಕೆಳಗಿನದು (ಆ ಸ್ವರದ ಕೆಳಗೂ ಮೇಲೂ ಹರಡುತ್ತದೆ) ಅಂತ ಎರಡೆರಡು ರೂಪ, ಒಟ್ಟು ಎಂಟು. ಬಿಲಾವಲ್ ಮತ್ತು ಆಸಾವರಿ ಥಾಟಿಗೆ ಹೊಂದುವ ಶ್ರೇಣಿಗಳು ಆ ಎಂಟರಲ್ಲಿ ಇಲ್ಲ. ಗ್ಲಾರಿಯಾನುಸ್ ಎಂಬ ಸ್ವಿಸ್ ಪಂಡಿತ 1547ರಲ್ಲಿ ಅವನ್ನು ಲೆಕ್ಕಕ್ಕೆ ಸೇರಿಸಿ ಹನ್ನೆರಡು ಮಾಡಿದ.

ಥಾಟು ಗೊತ್ತಾದರೆ ಸಾಲದು, ಎರಡು ಸ್ವರ ಗಟ್ಟಿ ಹಿಡಿಯಬೇಕು. ಒಂದು, ಹಾಡು ಮುಗಿಯುವ ಸ್ವರ. ಅದನ್ನು ಸ ಅಂತ ಇಟ್ಟುಕೊಳ್ಳೋಣ. ಇನ್ನೊಂದು, ಮಾತನ್ನೆಲ್ಲ ಹೇಳುವ ಸ್ವರ. ಹೆಚ್ಚುಕಡಿಮೆ ನಮ್ಮ ವಾದಿ ಸ್ವರದ (ರಾಗದ ಮುಖ್ಯ ಸ್ವರ) ಹಾಗೆ, ಆದರೆ ಅದಕ್ಕಿಂತ ಹಟಮಾರಿ. ಹತ್ತು ಹನ್ನೆರಡು ಅಕ್ಷರ ಅದರ ಮೇಲೇ ನಿಂತಿರುತ್ತವೆ. ಡೋರಿಯನ್, ಲಿಡಿಯನ್, ಮಿಕ್ಸೊಲಿಡಿಯನ್‌ಗಳ ಮೇಲಿನ ರೂಪದಲ್ಲಿ ಅದು ಪ. ಫ್ರಿಜಿಯನ್‌ನಲ್ಲಿ ಮಾತ್ರ ಕೋಮಲ ಧ (ಕೋಮಲ ಅಂದರೆ ಶುದ್ಧ ಸ್ವರಕ್ಕಿಂತ ಅರ್ಧ ಮೆಟ್ಟಿಲು ಕೆಳಗಿನದು). ಡೋರಿಯನ್ನಿನ ಕೆಳಗಿನ ರೂಪದಲ್ಲಿ ಕೋಮಲ ಗ. ದನಿ ಮೇಲೆ ಹೋಗದ ಗಂಡಸರಿಗೆ ಈ ಕೊನೆಯದು ಹೇಳಿ ಮಾಡಿಸಿದ್ದು.

ಮೊದಲ ಸಲ ಡೋರಿಯನ್ನೇ ತಗೊಳ್ಳಿ. ಈಗಿನ ಬಹಳಷ್ಟು ಸಿನಿಮಾ ಹಾಡುಗಳು ಮೈನರ್ ಶ್ರೇಣಿಯಲ್ಲಿ (ಕೋಮಲ ಗ ಇರುವ ಪಾಶ್ಚಾತ್ಯ ಶ್ರೇಣಿ) ಇರುತ್ತವೆ. ಅವನ್ನು ಇದಕ್ಕೆ ತಿರುಗಿಸುವುದು ಸುಲಭ. ಇಲ್ಲಿ ಒಂದು ಗುಟ್ಟು ಹೇಳುತ್ತೇನೆ, ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ. ಮೈನರ್ ಹಾಡಿನ ಸಾಲು ಮುಗಿಯುವಾಗ ಎಷ್ಟೋ ಸಲ ಶುದ್ಧ ನಿ ಬಂದು ಸ ಮುಟ್ಟುತ್ತದೆ. ಆ ಶುದ್ಧ ನಿಯನ್ನು ಕೋಮಲ ಮಾಡಿ. ಅಷ್ಟಕ್ಕೇ ಹಾಡಿನ ವಯಸ್ಸು ಐನೂರು ವರ್ಷ ಜಾಸ್ತಿಯಾಗುತ್ತದೆ. ನಮ್ಮ ಗುಂಪಿನಲ್ಲಿ ಮೊದಲ ಬಾರಿ ಇದು ಸರಿಯಾಗಿ ಬಂದಾಗ ತಬಲಾದವನು "ಇಷ್ಟ ಏನ್ರೋ?" ಅಂದ. ಹೌದು, ಇಷ್ಟೇ.

ಧ ವಿಷಯದಲ್ಲಿ ಚಾಂಟ್ ಉದಾರ. ಡೋರಿಯನ್‌ನಲ್ಲಿ ಶುದ್ಧ ಧ ಮೂಲ ಸ್ವರ, ಆದರೆ ಕೋಮಲವೂ ಬರುತ್ತದೆ. ಧಾಟಿ ಮೇಲಿನ ಸ ಕಡೆ ಹೊರಟರೆ ಶುದ್ಧ ಇಡಿ. ಪ ದಾಟಿ ಸುಮ್ನೆ ಮುಟ್ಟಿ ವಾಪಸ್ ಬರುವುದಾದರೆ ಕೋಮಲ ಇಡಿ.

ಒಂದು ಎಚ್ಚರಿಕೆ. ಕಾಫಿ ಅಂದೆ ಅಂತ ಕಾಫಿ ರಾಗದ ಚಲನ್, ಅಂದರೆ ಆ ರಾಗದ ನಡೆ, ತರಬೇಡಿ. ನಾನು ಹೇಳಿದ್ದು ಸ್ವರಗಳ ಗುಂಪು ಮಾತ್ರ. ರಾಗ ಒಳಗೆ ಬಂತು ಅಂದರೆ ಚಾಂಟ್ ಹೋಯಿತು, ಬೈಠಕ್ ಶುರುವಾಯಿತು.

ಮಾತು ಕತ್ತರಿಸುವುದು

ಈಗ ಧಾಟಿ ಮರೆತು ಹಾಡನ್ನು ಹಾಳೆ ಮೇಲೆ ಬರೆದುಕೊಳ್ಳಿ. ಜೋರಾಗಿ ಓದಿ, ಪತ್ರ ಓದಿದ ಹಾಗೆ. ಎಲ್ಲಿ ಉಸಿರು ಬೇಕಾಯಿತೋ ಅಲ್ಲಿ ಗೆರೆ ಹಾಕಿ. ಸಿನಿಮಾ ಹಾಡಿನ ಸಾಲು ತಾಳದ ಲೆಕ್ಕಕ್ಕೆ ಮುರಿದಿರುತ್ತದೆ. ನೀವು ಹಾಕಿದ ಗೆರೆ ಬೇರೆ ಕಡೆ ಬೀಳುತ್ತದೆ. ನಿಮ್ಮ ಗೆರೆಯೇ ಸರಿ.

ಸಿನಿಮಾ ಹಾಡಿನ ಪಲ್ಲವಿ ಮತ್ತು ಚರಣಕ್ಕೆ ಸನ್ಯಾಸಿಗಳ ಪೂಜೆಯಲ್ಲಿ ಚೆನ್ನಾಗಿ ಹೊಂದುವ ಜೋಡಿ ಇದೆ. ಅವರು ಮೊದಲು ಆಂಟಿಫನ್ ಅಂತ ಒಂದು ಚಿಕ್ಕ ಹಾಡು ಹಾಡುತ್ತಾರೆ. ಆಮೇಲೆ ಬೈಬಲಿನ ಕೀರ್ತನೆಯ ಸಾಲುಗಳನ್ನು ಒಂದೇ ಸ್ವರದ ಮೇಲೆ ಓದುತ್ತಾರೆ, ಕೊನೆಗೆ ಮತ್ತೆ ಆಂಟಿಫನ್‌ಗೆ ಬರುತ್ತಾರೆ. ಹಾಗಾದರೆ ಪಲ್ಲವಿಯೇ ಆಂಟಿಫನ್. ಅದರ ಮೂಲ ಧಾಟಿಯನ್ನು ಇಟ್ಟುಕೊಳ್ಳಿ, ಗುರುತು ಸಿಗಬೇಕಲ್ಲ. ಚರಣವನ್ನು ಕೀರ್ತನೆಯ ಹಾಗೆ ಓದಿ, ಅದರ ಮೂಲ ಧಾಟಿಯನ್ನು ಕೈಬಿಡಿ. ಇದಕ್ಕೆ ಧೈರ್ಯ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ಕೀರ್ತನೆ ಓದುವ ಕ್ರಮ ಹೀಗಿದೆ. ಪ್ರತಿ ಸಾಲೂ ಎರಡು ಅರ್ಧ. ಮೊದಲ ಅರ್ಧ ಒಂದು ಎತ್ತುಗಡೆಯಿಂದ ಓದುವ ಸ್ವರಕ್ಕೆ ಏರುತ್ತದೆ (ಈ ಎತ್ತುಗಡೆ ಸಾಮಾನ್ಯವಾಗಿ ಮೊದಲ ಸಾಲಿಗೆ ಮಾತ್ರ), ಅಲ್ಲೇ ಓದುತ್ತಾ ಹೋಗುತ್ತದೆ, ಮಧ್ಯದಲ್ಲಿ ಒಂದು ಬಳುಕು ತೆಗೆದುಕೊಂಡು ನಿಲ್ಲುತ್ತದೆ. ಎರಡನೇ ಅರ್ಧ ನೇರವಾಗಿ ಓದುವ ಸ್ವರದಲ್ಲೇ ಶುರುವಾಗಿ ಕೊನೆಯಲ್ಲಿ ಇಳಿಯುತ್ತದೆ.

ಬೇರೆಯವರ ಹಾಡನ್ನು ಇಲ್ಲಿ ಹಾಕುವುದು ಸರಿಯಲ್ಲ. ಅದಕ್ಕೇ ಸಿನಿಮಾ ಚರಣದ ಹಾಗೆ ಒಂದು ಸಾಲು ನಾನೇ ಕಟ್ಟಿದ್ದೇನೆ:

ಹಳೇ ಬಸ್‌ಸ್ಟ್ಯಾಂಡಿನ್ಯಾಗ ನಿನ್ನ ಕಾದೇನಿ ನಾ,
ಫೋನಿನ ಚಾರ್ಜೂ ಮುಗಿದೈತಿ, ಪ್ರೀತಿ ಮುಗಿದಿಲ್ಲ.

ಡೋರಿಯನ್ ಇಟ್ಟುಕೊಳ್ಳೋಣ. ಗ ಕೋಮಲ, ಓದುವ ಸ್ವರ ಪ. ಡೋರಿಯನ್ನಿನ ಮೇಲಿನ ರೂಪಕ್ಕೆ ಸೇರಿದ ಒಂದನೇ ಕೀರ್ತನಧಾಟಿಯ ಎತ್ತುಗಡೆ ಹೀಗೆ: ಮೊದಲ ಅಕ್ಷರಕ್ಕೆ ಗ, ಎರಡನೆಯದಕ್ಕೆ ಮಪ ಕೂಡಿಸಿ. ಅಂದರೆ "ಹ" ಗ ಮೇಲೆ, "ಳೇ" ಮಪ ಮೇಲೆ. "ಳೇ" ದೀರ್ಘ, ಎರಡು ಸ್ವರ ಹೊರುವ ಶಕ್ತಿ ಅದಕ್ಕಿದೆ. ನಮ್ಮ ಅದೃಷ್ಟ. ಆಮೇಲೆ "ಬಸ್‌ಸ್ಟ್ಯಾಂಡಿನ್ಯಾಗ ನಿನ್ನ" ಪೂರ್ತಿ ಪ ಮೇಲೆ. ಎಳೆಯಬೇಡಿ, ಒತ್ತಬೇಡಿ, ಮಾತಾಡುವ ವೇಗದಲ್ಲೇ ಹೇಳಿ. ಮಧ್ಯದ ಬಳುಕು ನಾಲ್ಕು ಸ್ವರ: ಕೋಮಲ ಧ, ಪ, ಮ, ಪ. ಅದು "ಕಾ-ದೇ-ನಿ-ನಾ" ಮೇಲೆ ಒಂದಕ್ಕೊಂದು ಕೂರುತ್ತದೆ. ಇಲ್ಲಿ ನಿಲ್ಲಿ. ಸನ್ಯಾಸಿಗಳು ಇಲ್ಲಿ ಚೆನ್ನಾಗಿಯೇ ನಿಲ್ಲುತ್ತಾರೆ, ಮನಸ್ಸಿನಲ್ಲಿ ಎರಡು ಎಣಿಸುವಷ್ಟು.

ಎರಡನೇ ಅರ್ಧ "ಫೋನಿನ ಚಾರ್ಜೂ ಮುಗಿದೈತಿ" ಪ ಮೇಲೆ. ಇಳಿಯುವ ಕೊನೆಗಳು ಹಲವಾರು ಇವೆ. ನಾವು ಮಾಡಿಕೊಂಡದ್ದು ಮ ಗ ಮ ಗ ರಿ ಸ. "ಪ್ರೀ-ತಿ-ಮು-ಗಿ-ದಿ-ಲ್ಲ" ಆರು ಅಕ್ಷರ, ಆರು ಸ್ವರ. ಹಾಡಿ ನೋಡಿ. "ಪ್ರೀತಿ ಮುಗಿದಿಲ್ಲ" ಅಂತ ಸ ಮೇಲೆ ನಿಂತಾಗ ಚಾರ್ಜು ಮುಗಿದ ಹುಡುಗನ ಬಗ್ಗೆ ನಿಜವಾಗಿಯೂ ಪಾಪ ಅನ್ನಿಸುತ್ತದೆ.

ಒಂದು ಅಕ್ಷರದ ಮೇಲೆ ಹಲವು ಸ್ವರ ಹರಿಸುವುದಕ್ಕೆ ಮೆಲಿಸ್ಮಾ ಎನ್ನುತ್ತಾರೆ. ಅದನ್ನು ಪಲ್ಲವಿಗೆ ಉಳಿಸಿಕೊಳ್ಳಿ, ಅದೂ ಒಂದು ಅಥವಾ ಎರಡು ಕಡೆ ಮಾತ್ರ. ಎಲ್ಲಿ ಹಾಕಬೇಕು? ಲ್ಯಾಟಿನ್‌ನಲ್ಲಿ ಒತ್ತು ಮುಖ್ಯ, ಕನ್ನಡದಲ್ಲಿ ಅಳತೆ ಮುಖ್ಯ. ಹ್ರಸ್ವವನ್ನು ಎಳೆದರೆ ಅರ್ಥವೇ ಕೆಡುತ್ತದೆ. "ಹಳೇ ಬಸ್‌ಸ್ಟ್ಯಾಂಡ್" ಇದ್ದದ್ದು "ಹಾಳೇ ಬಸ್‌ಸ್ಟ್ಯಾಂಡ್" ಆಗುತ್ತದೆ. ಆ, ಏ, ಓ ಇರುವ ದೀರ್ಘಾಕ್ಷರ ಹುಡುಕಿ ಅಲ್ಲಿ ಹರಿಸಿ. ಸಾಲಿನ ಕೊನೆಯ ಚಿಕ್ಕ ಇ, ಉಗಳನ್ನು ಮುಟ್ಟಬೇಡಿ. ಸಿನಿಮಾ ಸಂಗೀತಗಾರರು ಈ ತಪ್ಪನ್ನು ಧಾರಾಳವಾಗಿ ಮಾಡುತ್ತಾರೆ, ತಾಳ ಅದನ್ನು ಮುಚ್ಚಿಕೊಳ್ಳುತ್ತದೆ. ಇಲ್ಲಿ ಮುಚ್ಚಲು ಏನೂ ಇಲ್ಲ.

ಹಾಡನ್ನು ಲ್ಯಾಟಿನ್‌ಗೆ ಅನುವಾದ ಮಾಡಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ. ಮೊಬೈಲಿನ ಅನುವಾದ ನಂಬಿದರೆ ಪ್ರೇಯಸಿ ಎಮ್ಮೆಯಾಗಿಬಿಡಬಹುದು. ಕೇಳುವವರಿಗೆ ಮಾತು ಅರ್ಥವಾದರೇ ಮಜಾ.

ಹಾಡುವುದು

ಮೊದಲ ಶತ್ರು ಕೈ. ನಮ್ಮ ತಬಲಾದವನಿಗೆ ತೊಡೆ ತಟ್ಟದೆ ಹಾಡಲು ಬರುತ್ತಲೇ ಇರಲಿಲ್ಲ. ಅವನು ತಟ್ಟಿದರೆ ಉಳಿದವರು ಅದಕ್ಕೇ ಬೀಳುತ್ತಿದ್ದರು. ಬೈದು ನೋಡಿದೆವು, ಆಗಲಿಲ್ಲ. ಕೊನೆಗೆ ಎರಡೂ ಕೈಗೆ ಒಂದೊಂದು ಬಿಸಿ ಚಹಾದ ಕಪ್ಪು ಕೊಟ್ಟು ನಿಲ್ಲಿಸಿದೆವು. ಆವತ್ತಿನಿಂದ ಸರಿಹೋಯಿತು.

ಎರಡನೇ ಶತ್ರು ನಮ್ಮ ಕಿವಿ. ಮನ್ಸೂರ, ಗಂಗೂಬಾಯಿ, ಭೀಮಸೇನ ಜೋಶಿ ಅವರನ್ನು ಕೇಳಿ ಬೆಳೆದ ಊರು ಇದು. ಸ್ವರದಿಂದ ಸ್ವರಕ್ಕೆ ಹೋಗುವಾಗ ಮೀಂಡ್ ತಾನಾಗಿ ಬರುತ್ತದೆ. ಇಲ್ಲಿ ಅದು ಬೇಡ. ಖಟಕಾ, ಮುರ್ಕಿ, ಗಮಕದಂಥ ಸ್ವರದ ಅಲಂಕಾರ ಯಾವುದೂ ಬೇಡ. ಸ್ವರ ಮೆಟ್ಟಿಲು ಹತ್ತಿದ ಹಾಗೆ ನೇರ ಇರಲಿ, ಮೆತ್ತಗೆ ಇರಲಿ. ಗಾಯನ ಕಲಿಯುವ ನಮ್ಮ ಹುಡುಗಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು. ಬಚ್ಚಲುಮನೆಯವನಿಗೆ ಏನೂ ಕಷ್ಟವಾಗಲಿಲ್ಲ.

ಹೆಂಗಸರು ಹಾಡಬಹುದಾ? ಖಂಡಿತ. ಸನ್ಯಾಸಿನಿಯರ ಮಠಗಳಲ್ಲೂ ಇದೇ ಹಾಡು ಇತ್ತು. ಜರ್ಮನಿಯ ಹಿಲ್ಡೆಗಾರ್ಡ್ ಎಂಬ ಮಠಾಧಿಪತಿ (1098–1179) ತಾನೇ ಹಾಡು ಕಟ್ಟಿದವಳು. ಗಂಡಸರೂ ಹೆಂಗಸರೂ ಕೂಡಿ ಹಾಡಿದರೆ ಒಂದು ಸಪ್ತಕದ ಅಂತರ ಸಿಗುತ್ತದೆ, ಅಷ್ಟೇ. ಗಂಡಸರಿಗೆ ಹಾರ್ಮೋನಿಯಂನ ಕಪ್ಪು 1 (ಮೊದಲ ಕಪ್ಪು ಮನೆ) ಸ ಅಂತ ಹಿಡಿದರೆ ಮೇಲಿನ ಸಾಲು ಆರಾಮಾಗಿ ಬರುತ್ತದೆ. ಶ್ರುತಿ ಹಿಡಿದ ಮೇಲೆ ಪೆಟ್ಟಿಗೆ ಮುಚ್ಚಿಬಿಡಿ.

ಗುಂಪನ್ನು ಎರಡು ಮಾಡಿ ಎದುರುಬದುರು ನಿಲ್ಲಿಸಿ. ಚರಣದ ಒಂದು ಸಾಲು ಈ ಕಡೆಯವರು, ಮುಂದಿನದು ಆ ಕಡೆಯವರು. ಪಲ್ಲವಿ ಎಲ್ಲರೂ. ಭಜನೆ ಮಾಡಿದವರಿಗೆ ಇದು ಹೇಳಿಕೊಡಬೇಕಾಗಿಯೇ ಇಲ್ಲ. ಆದರೆ ಭಜನೆಯಲ್ಲಿ ಒಬ್ಬರ ಬಾಲಕ್ಕೆ ಇನ್ನೊಬ್ಬರು ಹಾರುತ್ತಾರೆ, ಇಲ್ಲಿ ಹಾಗೆ ಹಾರಬಾರದು. ಆ ಕಡೆಯ ದನಿ ಆರಲು ಬಿಟ್ಟು ಶುರು ಮಾಡಿ.

ಅರ್ಧಾಕ್ಷರ ಬಂದಾಗ ಜೋಪಾನ. "ಬಸ್" ಅಂತ ಆರು ಜನ ಹೇಳಿದರೆ ಆರು "ಸ್" ಆರು ಹೊತ್ತಿಗೆ ಬಿದ್ದು ಕುಕ್ಕರ್ ಸೀಟಿ ಹೊಡೆದ ಹಾಗಾಗುತ್ತದೆ. ಒಬ್ಬರು ಮಾತ್ರ "ಸ್" ಹೇಳಲಿ, ಉಳಿದವರು "ಬ" ಅಂದು ಅದನ್ನು ನುಂಗಿಬಿಡಲಿ. ಕೇಳುವವರಿಗೆ ಎಲ್ಲರೂ ಹೇಳಿದ ಹಾಗೇ ಕೇಳುತ್ತದೆ. ದೊಡ್ಡ ಗಾಯನ ವೃಂದಗಳೂ ಇದೇ ಉಪಾಯ ಮಾಡುತ್ತವೆ. ತಾಲೀಮಿಗೆ ಮೊದಲು ಮಿರ್ಚಿ ಗಿರ್ಮಿಟ್ ತಿನ್ನಬೇಡಿ, ಮುಗಿದ ಮೇಲೆ ತಿನ್ನಿ.

ಇಷ್ಟು ಪಳಗಿದ ಮೇಲೆ ಎರಡನೇ ದನಿ ಸೇರಿಸಬಹುದು. 9ನೇ ಶತಮಾನದ ಒಂದು ಲ್ಯಾಟಿನ್ ಕೈಪಿಡಿಯಲ್ಲೇ ಇದರ ವಿಧಾನ ಇದೆ, ಹೆಸರು ಆರ್ಗನಮ್. ಅದರ ಸರಳ ರೂಪದಲ್ಲಿ ಇಬ್ಬರು ಅದೇ ಧಾಟಿಯನ್ನು ಐದು ಸ್ವರ ಕೆಳಗಿನಿಂದ ಹಾಡುತ್ತಾರೆ. ಮೇಲಿನವರು ಪ ಹಾಡಿದರೆ ಕೆಳಗಿನವರು ಸ. ಬರೀ ಕೊನೆಯ ಪಲ್ಲವಿಗೆ ಇಡಿ. ಮೊದಲಿನಿಂದ ಹಾಕಿದರೆ ಅದರ ಬೆಲೆ ಹೋಗುತ್ತದೆ. ಇನ್ನೂ ಸುಲಭದ ದಾರಿ ಬೇಕಾದರೆ ಇಬ್ಬರು ಸ ಹಿಡಿದು "ಓ" ಅಂತ ನಿಲ್ಲಲಿ, ಉಸಿರು ಮಾತ್ರ ಸರದಿ ಪ್ರಕಾರ. ತಂಬೂರಿ ಇಡಬೇಡಿ. ಅದರ ಜವಾರಿ, ಅಂದರೆ ತಂತಿಯ ಝೇಂಕಾರ, ಕೇಳಿದ ಕೂಡಲೇ ಎಲ್ಲರ ಗಂಟಲಿಗೂ ಆಲಾಪ ಬರುತ್ತದೆ.

ರೆಕಾರ್ಡು ಮಾಡುವುದು

ಕಲ್ಲಿನ ಗುಡಿಗೆ ಹೋಗೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನೋಡಿ ನಮಗೂ ಅನ್ನಿಸಿತ್ತು. ಆದರೆ ಅದು ಸಂರಕ್ಷಿತ ಸ್ಮಾರಕ, ಅನುಮತಿ ಬೇಕು. ಮೇಲಾಗಿ ನಾಲ್ಕೂ ದಿಕ್ಕಿಗೆ ಬಾಗಿಲು, ದನಿ ಹೊರಗೆ ಹೋಗಿಬಿಡುತ್ತದೆ. ಪೂಜೆ ನಡೆಯುವ ಜಾಗದಲ್ಲಿ, ಗುಡಿಯಾಗಲಿ ಚರ್ಚಾಗಲಿ, ಟಪ್ಪಾಂಗುಚ್ಚಿ ಹೇಳುವುದು ಚೆಂದವೂ ಅಲ್ಲ. ಚಾಂಟ್ ಇವತ್ತಿಗೂ ಬೇರೆಯವರ ಪ್ರಾರ್ಥನೆ.

ನಮಗೆ ಸಿಕ್ಕ ಒಳ್ಳೆಯ ಜಾಗ ಅಪಾರ್ಟ್‌ಮೆಂಟಿನ ಮೆಟ್ಟಿಲು. ಸಿಮೆಂಟ್ ಗೋಡೆ, ಟೈಲ್ಸ್ ನೆಲ, ನಾಲ್ಕು ಅಂತಸ್ತಿನ ಪೊಳ್ಳು. ನೀವು ಕೆಳಗೆ ನಿಲ್ಲಿ, ಫೋನನ್ನು ಅರ್ಧ ಅಂತಸ್ತು ಮೇಲೆ ಇಡಿ. ಲಿಫ್ಟು, ನೀರಿನ ಪಂಪು ಎರಡೂ ಬಂದ್ ಇರುವ ಹೊತ್ತು ನೋಡಿಕೊಳ್ಳಿ. ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿ ನಿಲ್ಲುವುದೇ ಇಲ್ಲ, ದೀಪಾವಳಿ ನಂತರ ಇಟ್ಟುಕೊಂಡರೆ ಅನುಕೂಲ. ಮೆಟ್ಟಿಲು ಸಿಗದಿದ್ದರೆ ಕೋಣೆಯಲ್ಲಿ ಫ್ಯಾನ್ ಆರಿಸಿ ರೆಕಾರ್ಡು ಮಾಡಿ, ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ರಿವರ್ಬ್ (ದನಿ ಗೋಡೆಗೆ ಬಡಿದು ಉಳಿಯುವ ಗುಂಗು) ಸೇರಿಸಿ. 3 ಸೆಕೆಂಡಿನ ಸುತ್ತಮುತ್ತ ಸಾಕು. ಆರೇಳು ಸೆಕೆಂಡು ಇಟ್ಟರೆ ದೊಡ್ಡ ಚರ್ಚಿನ ಹಾಗೆ ಕೇಳುತ್ತದೆ, ಆದರೆ ಕನ್ನಡದ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಮಾತು ಕಲಸಿಹೋಗುತ್ತದೆ.

ಮನೆಯಲ್ಲಿ ಹಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಯೂಟ್ಯೂಬಿಗೆ ಹಾಕುವುದಾದರೆ ಮಾತ್ರ ಯೋಚನೆ ಮಾಡಿ. 1957ರ ಕಾಪಿರೈಟ್ ಕಾಯ್ದೆಯ 31ಸಿ ಕಲಂ ಕವರ್ ಹಾಡಿಗೆ, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿ ರೆಕಾರ್ಡು ಮಾಡುವುದಕ್ಕೆ, ದಾರಿ ಕೊಡುತ್ತದೆ. ಆದರೆ ಮೂಲ ಹಾಡು ಬಂದ ವರ್ಷ ಮುಗಿದು ಐದು ವರ್ಷ ಆಗಿರಬೇಕು, ಹಣ ಕಟ್ಟಬೇಕು, ಬೇಕಾಬಿಟ್ಟಿ ಬದಲಾವಣೆ ಮಾಡುವ ಹಾಗಿಲ್ಲ. ನಾವು ಮಾಡುವುದೇ ಬದಲಾವಣೆ. ಹಾಗಾಗಿ ಹಾಡಿನ ಹಕ್ಕಿನವರಿಂದ ಒಪ್ಪಿಗೆ ತೆಗೆದುಕೊಳ್ಳುವುದೇ ನೆಟ್ಟಗಿನ ದಾರಿ. ಇಲ್ಲವೇ ನಮ್ಮ ಬಸ್‌ಸ್ಟ್ಯಾಂಡಿನ ಹಾಡಿನ ಹಾಗೆ ನೀವೇ ಒಂದು ಕಟ್ಟಿಕೊಳ್ಳಿ.

ಕೊನೆಯ ಸ ಹಾಡಿದ ಮೇಲೆ ಅಲುಗಾಡಬೇಡಿ. ಚಪ್ಪಾಳೆ, ನಗು, ಕೆಮ್ಮು ಏನೂ ಬೇಡ. ದನಿ ಮೆಟ್ಟಿಲೇರಿ ಆರಿಹೋಗುವವರೆಗೆ ಫೋನ್ ಓಡುತ್ತಿರಲಿ. ಆ ಬಾಲವನ್ನು ಆಮೇಲೆ ಸೇರಿಸಲು ಬರುವುದಿಲ್ಲ. ನಮ್ಮ ಮೊದಲ ರೆಕಾರ್ಡಿಂಗಿನಲ್ಲಿ "ಮುಗಿದಿಲ್ಲ" ಅಂತ ಸ ಮೇಲೆ ನಿಂತು ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ನಾಲ್ಕು ಸೆಕೆಂಡು ಆಗಿರಬೇಕು, ಮೂರನೇ ಅಂತಸ್ತಿನ ಬಾಗಿಲು ತೆರೆಯಿತು. ಒಬ್ಬ ಅಜ್ಜಿ ಕಟಕಟೆಯಿಂದ ಬಗ್ಗಿ, ದನಿ ತಗ್ಗಿಸಿ ಕೇಳಿದರು: "ತಮ್ಮಾ, ಯಾರ ಮನ್ಯಾಗ ಏನಾತು?"

"ಏನಿಲ್ರೀ ಅಜ್ಜಿ, ಚಾರ್ಜ್ ಮುಗದೈತ್ರಿ," ಅಂದ ಚಹಾದ ಕಪ್ಪು ಹಿಡಿದವನು.

ಆ ಟೇಕ್ ಅಳಿಸಿಲ್ಲ. ಬಾಗಿಲಿನ ಸದ್ದಿಗಿಂತ ಒಂದು ಚೂರು ಹಿಂದೆ ಕತ್ತರಿಸಿ ಇಟ್ಟುಕೊಂಡಿದ್ದೇವೆ.